ಸಿಇಟಿ ವರ್ಷ: ಓದು ಮಕ್ಕಳದು, ಓಡಾಟ ನಿಮ್ಮದು

ದ್ವಿತೀಯ ಪಿಯುಸಿ ಮಕ್ಕಳಿರುವ ಮನೆಯಲ್ಲಿ ಜನವರಿ ಬರುತ್ತಿದ್ದಂತೆ ಟಿವಿಯ ದನಿ ಇಳಿಯುತ್ತದೆ, ಅಪ್ಪ–ಅಮ್ಮನ ದನಿ ಏರುತ್ತದೆ. ‘ಓದ್ತಾ ಇದ್ದೀಯಾ?’, ‘ಎಷ್ಟು ಪಾಠ ಮುಗೀತು?’ ಎಂದು ಗಳಿಗೆಗೊಮ್ಮೆ ಕೇಳಿದರೆ ಒಂದು ಲೆಕ್ಕವೂ ಬೇಗ ಬಗೆಹರಿಯದು. ಹಾಗಂತ ಹೆತ್ತವರಿಗೆ ಕೆಲಸವಿಲ್ಲ ಎಂದಲ್ಲ. ಬೇಕಾದಷ್ಟಿದೆ, ಹೆಚ್ಚಿನದೆಲ್ಲ ಕಾಗದಪತ್ರದ್ದು.

ಮೊದಲು, ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂದು ಮಗ ಅಥವಾ ಮಗಳ ಜೊತೆ ಕೂತು ತೀರ್ಮಾನಿಸಿ. ರಾಜ್ಯದ ಎಂಜಿನಿಯರಿಂಗ್ ಸೀಟಿಗೆ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸಿಇಟಿ, ಎಂಬಿಬಿಎಸ್‌ಗೆ ನೀಟ್, ಎನ್‌ಐಟಿಗಳಿಗೆ ಜೆಇಇ ಮೇನ್, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರತ್ಯೇಕ ಸೀಟುಗಳಿಗೆ ಕಾಮೆಡ್‌–ಕೆ. ಡಾಕ್ಟರಾಗುವ ಮನಸ್ಸೇ ಇಲ್ಲದ ಹುಡುಗಿಯನ್ನು ‘ಇರಲಿ, ಬರೆದಿಡು’ ಎಂದು ನೀಟ್‌ಗೆ ಕೂರಿಸುವುದು ಬರೀ ಶುಲ್ಕದ ದಂಡವಲ್ಲ, ಓದುವ ಹೊತ್ತಿನ ದಂಡವೂ ಹೌದು.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದ್ದರಿಂದ ಬೋರ್ಡ್ ಪರೀಕ್ಷೆಯ ಓದನ್ನು ಬದಿಗೊತ್ತಿ ಕೋಚಿಂಗ್‌ ಹಿಂದೆ ಬೀಳಬೇಕಿಲ್ಲ. 2024ರಿಂದ ಪಿಯು ಪರೀಕ್ಷೆಯೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯುತ್ತಿದೆ. ಒಂದು ಪತ್ರಿಕೆ ಕೈಕೊಟ್ಟರೆ ಮತ್ತೆ ಬರೆಯುವ ದಾರಿ ಇದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇನ್ನು ಕಡತ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು ಆಧಾರ್‌ಗೆ ಅಕ್ಷರಶಃ ತಾಳೆಯಾಗುತ್ತದೆಯೇ ನೋಡಿ. ಇಲ್ಲದಿದ್ದರೆ ಈಗಲೇ ಸರಿಪಡಿಸಿ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371(ಜೆ) ಪ್ರಮಾಣಪತ್ರ, ಇವುಗಳಲ್ಲಿ ನಿಮಗೆ ಅನ್ವಯಿಸುವುದನ್ನು ಅರ್ಜಿಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ನಾಡಕಚೇರಿಗೂ ಬಿಇಒ ಕಚೇರಿಗೂ ನೀವು ಅಲೆಯಿರಿ. ಪರೀಕ್ಷೆ ಎದುರಿಗಿರುವಾಗ ಮಕ್ಕಳನ್ನು ಸರದಿಯಲ್ಲಿ ನಿಲ್ಲಿಸಬೇಡಿ.

ಅಭ್ಯಾಸದಲ್ಲಿ ನೀವು ನೆರವಾಗಬಹುದಾದದ್ದು ಒಂದಿದೆ, ಅದಕ್ಕೆ ಭೌತಶಾಸ್ತ್ರ ಬರಬೇಕಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಭಾನುವಾರ ಬೆಳಿಗ್ಗೆ 10.30ಕ್ಕೆ ಹಳೆಯ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆಯ ಜೆರಾಕ್ಸ್, ಬಾಲ್‌ಪೆನ್ ಕೊಟ್ಟು ಕೂರಿಸಿ, 11.50ಕ್ಕೆ ಹಾಳೆ ಇಸಿದುಕೊಳ್ಳಿ. ಮೊಬೈಲ್ ನಿಮ್ಮದೂ ಆಫ್ ಆಗಿರಲಿ. ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವುದು ಒಎಂಆರ್‌ನಲ್ಲೇ: 23ನೇ ಪ್ರಶ್ನೆ ಬಿಟ್ಟು ಮುಂದೆ ಹೋದವರು 24ರ ಉತ್ತರವನ್ನು 23ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದಾಚೆಗೆ ಎಲ್ಲವೂ ಒಂದು ಸಾಲು ಮೇಲೆ ಸರಿಯುತ್ತದೆ. ಪೆನ್ನಿನ ಗುರುತನ್ನು ಅಳಿಸುವಂತಿಲ್ಲ. ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬದೆ ಆಗಾಗ ತುಂಬುತ್ತ, ಸಂಖ್ಯೆ ನೋಡುತ್ತ ಹೋಗುವುದು ಒಳ್ಳೆಯದು. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಡಿತವಿಲ್ಲ, ಒಂದನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಸರಿಯುತ್ತರಕ್ಕೆ 4, ತಪ್ಪಿಗೆ 1 ಕಡಿತ. ಅಲ್ಲಿ ಊಹೆ ದುಬಾರಿ. ಎರಡನ್ನೂ ಬರೆಯುವವರು ಈ ವ್ಯತ್ಯಾಸವನ್ನು ಅಭ್ಯಾಸದಲ್ಲೇ ರೂಢಿಸಿಕೊಳ್ಳಬೇಕು.

ಅಭ್ಯಾಸದ ಅಂಕವನ್ನು ಅತ್ತೆಗೆ, ಚಿಕ್ಕಪ್ಪನಿಗೆ, ಫ್ಯಾಮಿಲಿ ಗ್ರೂಪಿಗೆ ಹೇಳಬೇಡಿ. ಪರೀಕ್ಷೆಯ ದಿನ ಬೆಳಗಿನ ಪತ್ರಿಕೆ ಮುಗಿಸಿ ಬಂದವರ ಕೈಗೆ ಊಟದ ಡಬ್ಬಿ ಕೊಡಿ. ಗೇಟಿನ ಬಳಿ ಕೀ ಉತ್ತರ ತಾಳೆ ನೋಡಲು ಕೂತರೆ ಮಧ್ಯಾಹ್ನದ ಪತ್ರಿಕೆಯೂ ಕೆಟ್ಟೀತು.

ನಿದ್ದೆ ಬಿಟ್ಟು ಓದುವುದನ್ನು ಹೊಗಳಬೇಡಿ. ಊಟ ಸೇರದಿರುವುದು, ಮಾತು ಬಿಡುವುದು, ‘ನನ್ನಿಂದ ಆಗಲ್ಲ’ ಎಂದು ಮತ್ತೆ ಮತ್ತೆ ಹೇಳುವುದು ವಾರಗಟ್ಟಲೆ ನಡೆದರೆ ಸೋಮಾರಿತನ ಎಂದು ಗದರಬೇಡಿ. ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಕರೆಯನ್ನು ನೀವೂ ಮಾಡಬಹುದು.

ಫಲಿತಾಂಶದ ನಂತರ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು–ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡುವುದು. ಪಟ್ಟಿಯಲ್ಲಿ ಮೇಲಿರುವ ಸೀಟು ಸಿಕ್ಕರೆ ಕೆಳಗಿನವನ್ನು ಪರಿಗಣಿಸುವುದಿಲ್ಲ, ಹಾಗಾಗಿ ಕ್ರಮವೇ ಮುಖ್ಯ. ಮೊದಲು ಅಣಕು ಹಂಚಿಕೆ ಪ್ರಕಟಿಸಿ, ಪಟ್ಟಿ ತಿದ್ದಲು ಕಾಲಾವಕಾಶ ಕೊಡುತ್ತಾರೆ. ಮೊದಲ ಕರಡನ್ನು ಓದುವವರೇ ಬರೆಯಲಿ. ಶುಲ್ಕ, ಹಾಸ್ಟೆಲ್, ಬಸ್ಸಿನ ಲೆಕ್ಕವನ್ನು ನೀವು ಪಕ್ಕದಲ್ಲಿ ಬರೆದುಕೊಡಿ. ಕೊನೆಯ ದಿನದವರೆಗೆ ಕಾಯದೆ ಹಿಂದಿನ ದಿನವೇ ಸೇವ್ ಮಾಡಿ, ಒಂದು ಪ್ರಿಂಟ್ ತೆಗೆದಿಡಿ.