‘ಎರಡು ಪಟ್ಟು’ ಎಂದರೆ ಎಷ್ಟು?



‘ಈ ಔಷಧಿ ಕೊಟ್ಟರೆ ಕೆಚ್ಚಲು ಬಾವು ಅರ್ಧಕ್ಕರ್ಧ ಕಡಿಮೆ’ ಎಂದು ಯಾರಾದರೂ ಹೇಳಿದರೆ, ‘ನೂರು ಹಸುಗಳಲ್ಲಿ ಎಷ್ಟರಿಂದ ಎಷ್ಟಕ್ಕೆ ಇಳಿಯಿತು?’ ಎಂದು ಕೇಳಿ. 40ರಿಂದ 20ಕ್ಕೆ ಇಳಿದರೂ ಅರ್ಧ, 2ರಿಂದ 1ಕ್ಕೆ ಇಳಿದರೂ ಅರ್ಧವೇ. ಆದರೆ ಮೊದಲನೆಯದರಲ್ಲಿ 20 ಹಸುಗಳಿಗೆ ಲಾಭ, ಎರಡನೆಯದರಲ್ಲಿ ಒಂದಕ್ಕೆ ಮಾತ್ರ.

ನಾವು ನುಂಗುವ ಮಾತ್ರೆಗೂ ಇದೇ ಲೆಕ್ಕ. ಬ್ರಿಟನ್‌ನಲ್ಲಿ 1995ರಲ್ಲಿ ಹೀಗಾಯಿತು. ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹಳೆಯ ಮಾತ್ರೆಗಳಿಗಿಂತ ‘ಎರಡು ಪಟ್ಟು’ ಎಂದು ಅಲ್ಲಿನ ಔಷಧ ಸುರಕ್ಷತಾ ಸಮಿತಿ ಎಚ್ಚರಿಸಿತು. ಹೆದರಿದ ಅನೇಕ ಮಹಿಳೆಯರು ಮಾತ್ರೆಯನ್ನೇ ಬಿಟ್ಟರು. ಬೇಡದ ಬಸಿರು ಹೆಚ್ಚಿತು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವು.

ಅಸಲು ಲೆಕ್ಕ ಇಷ್ಟೇ: 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ಅಪಾಯ ಇಬ್ಬರಿಗೆ ಏರಿತ್ತು. ಬಸಿರಿನಲ್ಲಿ ಅದೇ ಅಪಾಯ ಇನ್ನೂ ಹೆಚ್ಚು!

ನೆನಪಿಡಿ:
1. ‘ಪಟ್ಟು’, ‘ಶೇಕಡಾ’ ಕೇಳಿದಾಗ ‘ಎಷ್ಟರಲ್ಲಿ ಎಷ್ಟು?’ ಎಂದು ಕೇಳಿ.
2. ಔಷಧಿ ಪಡೆಯದವರಲ್ಲಿ ಎಷ್ಟು ಎಂಬುದನ್ನೂ ಕೇಳಿ.
3. ಸುದ್ದಿ ಕೇಳಿ ಮಾತ್ರೆ ನಿಲ್ಲಿಸಬೇಡಿ; ಮೊದಲು ವೈದ್ಯರನ್ನು ವಿಚಾರಿಸಿ.

ದಿನವೂ ಹಾಲಿನ ಲೀಟರ್, ಫ್ಯಾಟ್ ಲೆಕ್ಕ ನೋಡುವ ನಿಮಗೆ ಈ ಲೆಕ್ಕ ಕಷ್ಟವೇನಲ್ಲ.