ಅಜ್ಜಿಯ ರೂಪಾಯಿಯ ದರ್ಜೆ

ಪರೇಲಿನ ನಮ್ಮ ಖೋಲಿಯ ಟ್ರಂಕಿನಲ್ಲಿ ಅಜ್ಜಿಯದೊಂದು ಬೆಳ್ಳಿ ರೂಪಾಯಿ ಇತ್ತು. ಐದನೇ ಜಾರ್ಜ್, 1918. ಹಿಂಬದಿಯ ಅಡಿಯಲ್ಲಿ ಹೂವಿನ ಕೆಳಗೆ ಉಬ್ಬಿದ ಚುಕ್ಕೆ. ಅಂದರೆ ನಮ್ಮ ಮುಂಬಯಿ ಟಂಕಸಾಲೆಯದು. ಚುಕ್ಕೆ ಇಲ್ಲದ್ದು ಕಲ್ಕತ್ತೆಯದು.

ಕಪ್ಪಾಗಿದೆಯಲ್ಲಾ ಅಂತ ನಾನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಫಳಫಳ ಹೊಳೆಯಿತು. ಫೋರ್ಟಿನಲ್ಲಿ ಒಬ್ಬ ನಾಣ್ಯ ವ್ಯಾಪಾರಿ ಭೂತಗನ್ನಡಿ ಹಿಡಿದು ನೋಡಿ, "ಬರೀ ಬೆಳ್ಳಿಯ ರೇಟು" ಅಂದುಬಿಟ್ಟರು.

ಅಲ್ಲಿ ಕಲಿತ ಪಾಠ ಇಷ್ಟು. ಮೊದಲು ಉಬ್ಬಿದ ಭಾಗ ನೋಡಬೇಕು, ಸವೆಯುವುದು ಅದೇ ಮೊದಲು. ಈ ರೂಪಾಯಿಯಲ್ಲಿ ಕಿರೀಟದ ಕುಸುರಿ, ಕಿವಿ, ನಿಲುವಂಗಿಯ ಮೇಲಿನ ಆನೆ. ಸವೆತವೇ ಇಲ್ಲದಿದ್ದರೆ ಅನ್‌ಸರ್ಕ್ಯುಲೇಟೆಡ್. ಉಬ್ಬಿನ ತುದಿ ಮಾತ್ರ ಸವೆದಿದ್ದರೆ ಎಕ್ಸ್‌ಟ್ರೀಮ್ಲಿ ಫೈನ್. ಇನ್ನೂ ಸವೆದರೆ ವೆರಿ ಫೈನ್, ಆಮೇಲೆ ಫೈನ್. ಬರೀ ಆಕಾರ ಉಳಿದದ್ದು ಗುಡ್. ಹೆಸರಿಗೆ ಗುಡ್, ದರ್ಜೆಯಲ್ಲಿ ಕೆಳಗೆ! ಆಮೇಲೆ ತೂಕ: ಹೊಸತರಲ್ಲಿ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ.

ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ಗುರುತು, ತೂತು, ತಿಕ್ಕಿದ ಗೀರು, ಇವು ಯಾವ ದರ್ಜೆಯನ್ನೂ ಕೆಡಿಸುತ್ತವೆ. ಕಾಲ ತಂದ ಕಪ್ಪು ದೋಷವಲ್ಲ. ಅದನ್ನು ಕಿತ್ತರೆ ಮತ್ತೆ ಬಾರದು.

ಕಾಮರ್ಸಿನಲ್ಲಿ ನಾವು ವರ್ಷವರ್ಷ ಸವಕಳಿ ಬರೆಯುತ್ತೇವೆ. ನೂರು ವರ್ಷ ಕೈಬದಲಾಗಿಯೂ ಆಗದ ಸವಕಳಿ ನನ್ನಿಂದ ಹತ್ತು ನಿಮಿಷದಲ್ಲಿ ಆಯಿತು.

ಅಜ್ಜಿಗೆ ಹೇಳಿದೆ. "ಹೋಗ್ಲಿ ಬಿಡು ಮಗಾ, ಮಾರೋಕೆ ಯಾರು ಹೇಳಿದ್ರು?" ಅಂದರು. ನಾಣ್ಯ ಮತ್ತೆ ಟ್ರಂಕಿನಲ್ಲಿದೆ. ನಿಮ್ಮ ಮನೆಯದನ್ನು ಅಂಚು ಹಿಡಿದು ನೋಡಿ, ತೊಳೆಯಬೇಡಿ.