ಪಿನ್ ಇಲ್ಲಿ, ಚಾನೆಲ್ ಎಲ್ಲಿ? ಡಿಜಿಟಲ್ ಮಿಕ್ಸರ್ ಜೋಡಿಸುವ ಬಗೆ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮೈಕ್‌ಸೆಟ್‌ನವರ ಮೇಜಿಗೂ ಈಗ ಡಿಜಿಟಲ್ ಮಿಕ್ಸರ್ ಬರುತ್ತಿದೆ. ಹಳೆಯ ಮಿಕ್ಸರ್‌ನಲ್ಲಿ ಮೂರನೇ ಸಾಕೆಟ್‌ಗೆ ಪಿನ್ ಹಾಕಿದರೆ ಮೂರನೇ ಫೇಡರ್‌ನಲ್ಲೇ ಸದ್ದು. ಹೊಸದರಲ್ಲಿ ಆ ಖಾತ್ರಿ ಇಲ್ಲ. ಸಾಕೆಟ್‌ಗೂ ಚಾನೆಲ್‌ಗೂ ನಡುವೆ ರೂಟಿಂಗ್ ಇದೆ. ಹಿಂದಿನ ಊರಿನಲ್ಲಿ ಯಾರೋ ಬದಲಾಯಿಸಿದ್ದು ಈ ಊರಿನಲ್ಲೂ ಹಾಗೇ ಉಳಿದಿರುತ್ತದೆ. ‘ಮೈಕ್ ಬರವಲ್ದು’ ಎಂದು ಕೇಬಲ್ ಮೇಲೆ ಕೇಬಲ್ ಬದಲಿಸುವಾಗ ಎಷ್ಟೋ ಸಲ ಕೇಬಲ್‌ನಲ್ಲಿ ತಪ್ಪೇ ಇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಕಾಗದದ ಮೇಲೆ. ಮೂರು ಕಾಲಂ ಹಾಕಿ: ಯಾವ ವಾದ್ಯ, ಯಾವ ಸಾಕೆಟ್, ಯಾವ ಚಾನೆಲ್. ನಾಲವಾರದ ಜಾತ್ರೆಯಲ್ಲಿ ಭಜನೆ ಎಂದಿಟ್ಟುಕೊಳ್ಳಿ. ಹಾಡುವವರಿಗೆ ಎರಡು ಮೈಕ್, ಹಾರ್ಮೋನಿಯಂಗೆ ಒಂದು, ತಬಲಾ ಬಲ-ಎಡಕ್ಕೆ ಎರಡು, ಏಕತಾರಿಗೆ ಒಂದು. ತಾಳಕ್ಕೆ ಮೈಕ್ ಬೇಡ, ಅದು ಎಲ್ಲ ಮೈಕ್‌ಗಳಲ್ಲೂ ತಾನೇ ನುಗ್ಗುತ್ತದೆ. ವಾಡಿಯಲ್ಲಿ ಭೀಮಗೀತೆಯ ಮೇಳವಾದರೆ ಕೀಬೋರ್ಡ್, ರಿದಮ್ ಪ್ಯಾಡ್ ಸೇರುತ್ತವೆ. ಪಟ್ಟಿ ಮುಗಿದ ಮೇಲೆ ಮಿಕ್ಸರ್‌ನಲ್ಲಿ ಹಳೆಯ ಸೀನ್ (ಉಳಿಸಿಟ್ಟ ಸೆಟ್ಟಿಂಗ್) ಅಳಿಸಿ, ಖಾಲಿ ಸೀನ್‌ನಿಂದ ಶುರು ಮಾಡಿ.

ಇನ್ನು ಪಿನ್‌ಗಳು. ಮೈಕ್‌ಗೆ ಮೂರು ಕಾಲಿನ ಕ್ಯಾನನ್ ಅಂದರೆ ಎಕ್ಸ್‌ಎಲ್‌ಆರ್. ಅದರಲ್ಲಿ 1 ಗ್ರೌಂಡ್, 2 ಮತ್ತು 3 ಸಿಗ್ನಲ್. ಎರಡೂ ಕಾಲಿಗೆ ಒಂದೇ ಸಿಗ್ನಲ್ ಪರಸ್ಪರ ವಿರುದ್ಧವಾಗಿ ಬರುತ್ತದೆ. ದಾರಿಯಲ್ಲಿ ಸೇರಿಕೊಂಡ ಗುಂಯ್ ಸದ್ದು ಮಾತ್ರ ಎರಡರಲ್ಲೂ ಸಮವಾಗಿರುವುದರಿಂದ ಮಿಕ್ಸರ್ ಅದನ್ನು ಕಳೆದುಹಾಕುತ್ತದೆ. ಕೀಬೋರ್ಡ್‌ನ ಪಿ-38 ಅಂದರೆ ದಪ್ಪ ಪಿನ್‌ನ ಜಾಕ್‌ಗೆ ಸಾಮಾನ್ಯವಾಗಿ ಈ ಅನುಕೂಲವಿಲ್ಲ. ಐದಾರು ಮೀಟರ್‌ಗಿಂತ ದೂರವಿದ್ದರೆ ವೇದಿಕೆಯ ಮೇಲೇ, ಜಾಕ್‌ನ ಸಿಗ್ನಲನ್ನು ಕ್ಯಾನನ್‌ಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಇಟ್ಟು, ಅಲ್ಲಿಂದ ಮೈಕ್ ಕೇಬಲ್ ಎಳೆಯಿರಿ.

ಹೆಚ್ಚು ಗೋಳು ಮೊಬೈಲ್‌ನದು. ಇಪಿ ಅಂದರೆ ಇಯರ್‌ಫೋನ್‌ನ ಸಣ್ಣ ಪಿನ್‌ನಿಂದ ನೇರ ಕ್ಯಾನನ್‌ಗೆ ಬೆಸುಗೆ ಹಾಕಿದ ಕೇಬಲ್‌ನಲ್ಲಿ ಎಡ ಕಿವಿಯ ಸದ್ದು 2ಕ್ಕೆ, ಬಲದ್ದು 3ಕ್ಕೆ ಹೋಗುತ್ತದೆ. ಎರಡರಲ್ಲೂ ಸಮವಾಗಿರುವುದನ್ನು ಮಿಕ್ಸರ್ ಕಳೆಯುತ್ತದೆ ಎಂದೆವಲ್ಲ? ಹಾಡುವವರ ದನಿ ನಟ್ಟನಡುವೆ, ಎರಡೂ ಕಡೆ ಸಮವಾಗಿ ಇರುತ್ತದೆ. ಅದೇ ಮಾಯವಾಗಿ ವಾದ್ಯ ಮಾತ್ರ ಉಳಿಯುತ್ತದೆ. ಒಂದು ತುದಿಗೆ ಸ್ಟೀರಿಯೊ ಇಪಿ, ಇನ್ನೊಂದು ತುದಿಗೆ ಎರಡು ಮೋನೊ ಪಿ-38 ಇರುವ ಕೇಬಲ್ ತಂದು ಎರಡು ಚಾನೆಲ್‌ಗೆ ಹಾಕಿ. 48 ವೋಲ್ಟ್ ಫ್ಯಾಂಟಮ್ ಕಂಡೆನ್ಸರ್ ಮೈಕ್‌ಗೂ ಆಕ್ಟಿವ್ ಡಿಐಗೂ ಮಾತ್ರ. ಕ್ಯಾನನ್ ಮೂಲಕ ಮೊಬೈಲ್ ಸೇರಿಸಿದ ಚಾನೆಲ್‌ನಲ್ಲಿ ಅದನ್ನು ಒತ್ತಿದರೆ ಫೋನ್ ಹಾಳಾದೀತು.

ಈಗ ಗೇನ್. ಮೈಕ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಲೈನ್ ಮಟ್ಟ ಒಂದು ವೋಲ್ಟ್‌ನ ಆಸುಪಾಸು. ಕಲಾವಿದರು ಜೋರಾಗಿ ಹಾಡುವಾಗ ಮೀಟರ್ ಮೈನಸ್ 18ರಿಂದ ಮೈನಸ್ 12ರ ನಡುವೆ ಆಡಲಿ. ಡಿಜಿಟಲ್‌ನಲ್ಲಿ ಸೊನ್ನೆಯೇ ಗೋಡೆ. ಅನಲಾಗ್‌ನಂತೆ ಕೆಂಪು ದೀಪದಲ್ಲಿ ಸ್ವಲ್ಪ ಮೆತ್ತಗೆ ಒಡೆಯುವ ಮಾತಿಲ್ಲ, ಒಮ್ಮೆಲೇ ಕರಕರ.

ದೊಡ್ಡ ವೇದಿಕೆಯಿದ್ದರೆ ಸ್ಟೇಜ್ ಬಾಕ್ಸ್ ಬೇಕಾಗುತ್ತದೆ. ಬೆಹ್ರಿಂಜರ್ ಎಕ್ಸ್32ಕ್ಕೆ ಎಸ್16 ಸೇರಿಸುವುದಾದರೆ ನಡುವೆ ಎಳೆಯುವುದು ಒಂದೇ ಒಂದು ಶೀಲ್ಡೆಡ್ ಕ್ಯಾಟ್5ಇ ಕೇಬಲ್. ದಾರಿಯಲ್ಲಿ ನೆಟ್‌ವರ್ಕ್ ಸ್ವಿಚ್ ಹಾಕಬೇಡಿ. ಕೇಬಲ್ ಹಾಕಿದ್ದಷ್ಟೇ ಸಾಲದು. ರೂಟಿಂಗ್ ಪುಟದಲ್ಲಿ 1-8, 9-16 ಎಂಬ ಎಂಟೆಂಟರ ಗುಂಪುಗಳನ್ನು ಲೋಕಲ್‌ನಿಂದ ಎಇಎಸ್50-ಎಗೆ (ಆ ಕೇಬಲ್ ಹಾಕುವ ಪೋರ್ಟ್) ಬದಲಿಸಬೇಕು. ಅಲ್ಲಿಯವರೆಗೆ ವೇದಿಕೆಯ ಮೈಕ್ ಮೂಕ. ಪರದೆಯಿಲ್ಲದ ಎಕ್ಸ್‌ಆರ್18 ತರುವವರು ಟ್ಯಾಬ್‌ಗಾಗಿ ಅದರೊಳಗಿನ ವೈಫೈ ನಂಬಬೇಡಿ. ಜಾತ್ರೆಯ ಜನ ಸೇರಿ ಎಲ್ಲರ ಫೋನ್ ಆನ್ ಆದಮೇಲೆ ಸಂಪರ್ಕ ತಪ್ಪುತ್ತದೆ. ಹೊರಗಿನ ರೂಟರ್ ಒಂದನ್ನು ಕೇಬಲ್‌ನಿಂದ ಸೇರಿಸಿ.

ಔಟ್‌ಪುಟ್‌ಗೂ ರೂಟಿಂಗ್‌ನ ಇದೇ ಮಾತು. ಎಕ್ಸ್32ರ ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಮುಖ್ಯ ಎಡ-ಬಲ ಹೊರಬರುವುದು 15 ಮತ್ತು 16ರಿಂದ, 1 ಮತ್ತು 2ರಿಂದಲ್ಲ. ಆ 15, 16 ಮುಖ್ಯ ಸ್ಪೀಕರ್‌ಗೆ. ಹಾಡುವವರ ಮುಂದಿನ ಮಾನಿಟರ್‌ಗೆ ಬೇರೆ ಬಸ್ (ಪ್ರತ್ಯೇಕ ಮಿಕ್ಸ್) ಕೊಡಿ, ಅದನ್ನು ಪ್ರೀ-ಫೇಡರ್ ಇಡಿ; ಇಲ್ಲವಾದರೆ ಹೊರಗೆ ದನಿ ಇಳಿಸಿದಾಗಲೆಲ್ಲ ಅವರಿಗೂ ಇಳಿದು, ಪದದ ನಡುವೆ ನಿಮ್ಮತ್ತ ಕೈ ಬೀಸುತ್ತಾರೆ. ಬೀದಿ ಕಂಬದ ಹಾರ್ನ್‌ಗಳಿಗೆ ಅಹುಜಾ ಆಂಪ್ಲಿಫೈಯರ್ ಇದ್ದರೆ ಇನ್ನೊಂದು ಬಸ್‌ನಿಂದ ಅದರ ಆಕ್ಸ್ ಇನ್‌ಪುಟ್‌ಗೆ ಕೊಡಿ. ಹಾರ್ನ್‌ಗೆ ಹೋಗುವ 100 ವೋಲ್ಟ್ ಲೈನ್ ಮಾತ್ರ ಮಿಕ್ಸರ್‌ನ ಹತ್ತಿರವೂ ಸುಳಿಯಬಾರದು. ಒಮ್ಮೆ ತಗುಲಿದರೆ ಇನ್‌ಪುಟ್ ಕತೆ ಮುಗಿಯಿತು.

ಕರೆಂಟ್ ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದೊಡನೆ ಗುಂಯ್ ಎಂದರೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್‌ನ ಮೂರನೇ ಕಾಲನ್ನು ಕತ್ತರಿಸುವ ಹಳೆಯ ಉಪಾಯ ಜೀವಕ್ಕೇ ಅಪಾಯ, ಜನರೇಟರ್ ಇದ್ದಲ್ಲಿ ಇನ್ನೂ ಹೆಚ್ಚು. ಇನ್ನೊಂದು ನೆನಪಿರಲಿ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ, ವಿಶೇಷ ವಿನಾಯಿತಿಯ ದಿನಗಳನ್ನು ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ.

ಯಾವ ಕೈಪಿಡಿಯಲ್ಲೂ ಬರೆಯದ, ನಮ್ಮ ಭಾಗದ ಶತ್ರು ದೂಳು. ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟಿನದು, ಶಹಾಬಾದ್‌ನಲ್ಲಿ ಪರ್ಸಿಕಲ್ಲಿನದು. ಅದು ಫೇಡರ್ ಸಂದಿಗೂ ಖಾಲಿ ಸಾಕೆಟ್‌ಗೂ ಇಳಿಯುತ್ತದೆ. ಕೆಲಸವಿಲ್ಲದಾಗ ಮಿಕ್ಸರ್ ಮೇಲೆ ದಪ್ಪ ಬಟ್ಟೆ ಹೊದಿಸಿ; ಆನ್ ಇರುವಾಗ ಗಾಳಿಕಿಂಡಿ ಮುಚ್ಚಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಅದು ತಾಳದು. ಪಿನ್ ಕರಕರ ಎಂದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯದೆ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಕೇಳಿ ತನ್ನಿ.